ಬಾದಾಮಿಯ ಸೂರೋ, ವಿಜಯಪುರದ ಗೋಡೆಯೋ, ಬೆಳಗಾವಿಯ ಗ್ಯಾಲರಿಯೋ: ಚಿತ್ರ ನೋಡಲು ಮೊದಲು ಎಲ್ಲಿಗೆ ಹೋಗಬೇಕು?

ದಸರಾ ರಜೆ ಹತ್ತಿರ ಬಂತೆಂದರೆ ಸಹೋದ್ಯೋಗಿಗಳಲ್ಲಿ ಯಾರಾದರೊಬ್ಬರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂರುತ್ತಾರೆ. "ಸರ್, ಮಕ್ಕಳಿಗೆ ಒಳ್ಳೆಯ ಚಿತ್ರಗಳನ್ನು ತೋರಿಸಬೇಕು. ಅದಕ್ಕೆ ಬೆಂಗಳೂರಿಗೇ ಹೋಗಬೇಕೇ?" ಬಾಗಲಕೋಟೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಬೆಂಗಳೂರಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದಾದಷ್ಟು ದೂರದಲ್ಲಿ ಮೂರು ಬೇರೆ ಬೇರೆ ಕಾಲದ, ಮೂರು ಬೇರೆ ಬೇರೆ ಬಗೆಯ ಚಿತ್ರಕಲೆ ನಮ್ಮ ಕಡೆಯೇ ಇದೆ: ಬಾದಾಮಿಯ ಮೂರನೆಯ ಗುಹೆಯಲ್ಲಿ ಉಳಿದಿರುವ ಆರನೆಯ ಶತಮಾನದ ವರ್ಣಚಿತ್ರದ ತುಣುಕುಗಳು, ವಿಜಯಪುರದ ಆದಿಲಶಾಹಿ ಕಾಲದ ಭಿತ್ತಿಚಿತ್ರಗಳು ಮತ್ತು ಬೆಳಗಾವಿಯ ವಾಸ್ತವ ಶೈಲಿಯ ಕಲಾವಿದರ ಪರಂಪರೆ.

ಆದರೆ ಈ ಮೂರೂ ಒಂದೇ ಬಗೆಯ ನೋಟಕ್ಕೆ ಒದಗುವುದಿಲ್ಲ. ಮೊದಲ ಸಲಕ್ಕೇ ತಮಗೆ ಹೊಂದದ ಜಾಗಕ್ಕೆ ಹೋದವರು "ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ" ಎಂದು ಮರಳುತ್ತಾರೆ, ಮತ್ತೆ ಚಿತ್ರದ ಕಡೆ ತಲೆ ಹಾಕುವುದಿಲ್ಲ. ಅದು ನನಗೆ ಬಹಳ ನೋವಿನ ಸಂಗತಿ. ಹಾಗಾಗಿ ಯಾವುದು ದೊಡ್ಡದು, ಯಾವುದು ಪ್ರಸಿದ್ಧ ಎಂಬ ಲೆಕ್ಕವನ್ನು ನಾನು ಹಾಕುವುದಿಲ್ಲ. ಅಲ್ಲಿ ಚಿತ್ರ ಎಷ್ಟು ಉಳಿದಿದೆ, ಉಳಿಯದ ಭಾಗವನ್ನು ತುಂಬಿಕೊಳ್ಳಲು ನೋಡುವವರ ಕಣ್ಣಿಗೆ ಎಷ್ಟು ಪಳಗಿಕೆ ಇದೆ, ಇವೆರಡನ್ನೇ ಕೇಳಿಕೊಳ್ಳುತ್ತೇನೆ.

"ನಮಗೆ ಚಿತ್ರಕಲೆಯೆಲ್ಲ ತಿಳಿಯುವುದಿಲ್ಲ" ಎಂದು ಹಿಂಜರಿಯುವವರಿಗೆ ಒಂದು ಮಾತು. ಇಳಕಲ್ ಸೀರೆಯ ಅಂಗಡಿಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿ ಕಂಡ ಸೀರೆಯನ್ನು ಹಾಗೇ ಒಪ್ಪುವುದಿಲ್ಲ. ಬಾಗಿಲಿನ ತನಕ ಒಯ್ದು, ಹಗಲಿನ ಬೆಳಕಿಗೆ ಹಿಡಿದು, ಒಡಲಿನ ಬಣ್ಣಕ್ಕೆ ಸೆರಗಿನ ಕೆಂಪು ಹೊಂದುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಗುಳೇದಗುಡ್ಡದ ಖಣವನ್ನು ಪಕ್ಕದಲ್ಲಿಟ್ಟು ಮತ್ತೊಮ್ಮೆ ನೋಡುತ್ತಾರೆ. ಒಂದು ಬಣ್ಣ ಇನ್ನೊಂದರ ಪಕ್ಕದಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಪಾಠ ಮಾಡಿಲ್ಲ. ಗ್ಯಾಲರಿಯಲ್ಲಿ ಬೇಕಾಗುವುದೂ ಇದೇ ಕಣ್ಣು, ಇದೇ ತಾಳ್ಮೆ.

ಬಾದಾಮಿಯಿಂದ ಶುರು ಮಾಡುತ್ತೇನೆ. ಅದು ನಮ್ಮ ಜಿಲ್ಲೆಯದು ಎಂಬ ಅಭಿಮಾನಕ್ಕಲ್ಲ. ಮೂರರಲ್ಲಿ ಅತಿ ಹಳೆಯದು ಅದೇ, ನೋಡಲು ಅತಿ ಕಷ್ಟದ್ದೂ ಅದೇ. ಮೂರನೆಯ ಗುಹೆಯನ್ನು ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಕೊರೆಯಿಸಿದ. ಶಕವರ್ಷ 500, ಅಂದರೆ ಕ್ರಿ.ಶ. 578ರ ಶಾಸನ ಅಲ್ಲೇ ಇದೆ. ಅದೇ ಗುಹೆಯ ಕನ್ನಡ ಶಾಸನ ಈ ದೇಗುಲವನ್ನು 'ಕಲ್ಮನೆ' ಎಂದು ಕರೆಯುತ್ತದೆ. ನನಗೆ ಆ ಪದವೆಂದರೆ ಬಲು ಪ್ರೀತಿ. ಕಲ್ಲಿನ ಮನೆಗೂ ಬಣ್ಣ ಬಳಿಯಬೇಕಲ್ಲವೇ? ಇಂದು ನಾವು ಕೆಂಪು ಮರಳುಗಲ್ಲಿನ ಶಿಲ್ಪ ಎಂದು ಮೆಚ್ಚುವ ಆ ಗುಹೆ ಒಂದು ಕಾಲಕ್ಕೆ ಬಣ್ಣ ತುಂಬಿದ ಮನೆಯಾಗಿತ್ತು.

ಹೋದವರಲ್ಲಿ ಹೆಚ್ಚಿನವರು ತ್ರಿವಿಕ್ರಮನನ್ನು, ಆದಿಶೇಷನ ಮೇಲೆ ಕುಳಿತ ವಿಷ್ಣುವನ್ನು, ನರಸಿಂಹನನ್ನು ನೋಡಿ, ಫೋಟೋ ತೆಗೆದುಕೊಂಡು ನಾಲ್ಕನೆಯ ಗುಹೆಗೆ ನಡೆದುಬಿಡುತ್ತಾರೆ. ಚಿತ್ರಗಳಿರುವುದು ಅವರ ತಲೆಯ ಮೇಲೆ. ಮುಖಮಂಟಪದ ಮುಂದೆ ಚಾಚಿಕೊಂಡಿರುವ ಕಲ್ಲಿನ ಸೂರಿನ ಒಳಮೈಯಲ್ಲಿ, ಬಾಗಿದ ಭಾಗದಲ್ಲಿ ಅವು ಉಳಿದಿವೆ. ಕಲ್ಲಿಗೆ ತೆಳುವಾಗಿ ಗಾರೆ ಬಳಿದು, ಅದರ ಮೇಲೆ ಬರೆದ ಚಿತ್ರಗಳು. ಅಜಂತಾದ ಪ್ರಸಿದ್ಧ ಚಿತ್ರಗಳ ಬಹುಭಾಗ ಇದಕ್ಕಿಂತ ಸುಮಾರು ನೂರು ವರ್ಷ ಹಿಂದಿನದು. ಅವು ಕತ್ತಲಿನ ಒಳಕೋಣೆಗಳಲ್ಲಿ ಗಾಳಿಮಳೆಯಿಂದ ದೂರ ಇದ್ದವು. ಬಾದಾಮಿಯವು ಸೂರಿನ ಅಂಚಿನಲ್ಲೇ ಇದ್ದು, ಹದಿನಾಲ್ಕು ಶತಮಾನದ ಗಾಳಿಗೂ ಬಿಸಿಲಿಗೂ ಮೈಯೊಡ್ಡಿದವು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದಾಗ ಕಾಣುತ್ತಿದ್ದಷ್ಟು ಇಂದು ಬರಿಗಣ್ಣಿಗೆ ಕಾಣುವುದಿಲ್ಲ. ಅರಮನೆಯೊಂದರಲ್ಲಿ ಸಂಗೀತ, ನೃತ್ಯ ನಡೆದಿದೆ. ಆಸನದ ಮೇಲೆ ಒಬ್ಬ ರಾಜಪುರುಷ ಕುಳಿತು ನೋಡುತ್ತಿದ್ದಾನೆ. ಮತ್ತೊಂದು ಗುಂಪಿನಲ್ಲಿ ಪಾದಪೀಠದ ಮೇಲೆ ಕಾಲಿಟ್ಟು ಕುಳಿತವನನ್ನು ವಿದ್ವಾಂಸ ಸಿ. ಶಿವರಾಮಮೂರ್ತಿಯವರು ಕೀರ್ತಿವರ್ಮನೆಂದೇ ಗುರುತಿಸಿದರು.

ಒಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. "ಹತ್ತು ನಿಮಿಷ ಯಾರೂ ಮಾತಾಡಬಾರದು, ಸೂರನ್ನೇ ನೋಡುತ್ತಿರಬೇಕು" ಎಂದೆ. ಮೊದಲಿಗೆ ಅವರಿಗೆ ಕಂಡದ್ದು ಕಲೆ ಬಿದ್ದ ಗೋಡೆ ಮಾತ್ರ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ನೆರಳಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಐದು ನಿಮಿಷದ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ಸರ್, ಅಲ್ಲೊಂದು ಮುಖ ಇದೆ. ತಲೆ ಒಂದು ಕಡೆಗೆ ವಾಲಿಸಿದೆ" ಎಂದಳು. ಅವಳ ಬೆರಳಿನ ಗುರಿ ಹಿಡಿದು ಉಳಿದವರೂ ನೋಡಿದರು. ಕೆಮ್ಮಣ್ಣಿನ ಒಂದು ಗೆರೆ ಹುಬ್ಬಾಯಿತು, ಇನ್ನೊಂದು ಭುಜವಾಯಿತು. ಆಮೇಲೆ ಒಬ್ಬನಿಗೆ ತೋಳು ಸಿಕ್ಕಿತು, ಇನ್ನೊಬ್ಬನಿಗೆ ಕಂಬ. ಹಿಂದಿರುಗುವಾಗ ಬಸ್ಸಿನಲ್ಲಿ ಅವರ ಮಾತೆಲ್ಲ ಅದೇ. ಪೂರ್ಣ ಚಿತ್ರವನ್ನು ನೋಡಿದ್ದರೆ ಆ ಮಕ್ಕಳು ಅಷ್ಟು ಹುಡುಕುತ್ತಿರಲಿಲ್ಲ.

ಆದರೆ ಇದು ನಾನು ಜೊತೆಗಿದ್ದು, ಎಲ್ಲಿ ನೋಡಬೇಕೆಂದು ಹೇಳಿದ್ದಕ್ಕೆ ಆದದ್ದು. ಯಾವ ತಯಾರಿಯೂ ಇಲ್ಲದೆ, ಯಾರ ನೆರವೂ ಇಲ್ಲದೆ ಮೊದಲ ಬಾರಿಗೆ ಚಿತ್ರ ನೋಡಲು ಹೊರಟವರಿಗೆ ಬಾದಾಮಿಯನ್ನು ನಾನು ಹೇಳುವುದಿಲ್ಲ. ಶಿಲ್ಪಕ್ಕಾಗಿ ಹೋಗಲಿ, ಕಣ್ತುಂಬ ನೋಡಿ ಬರಲಿ. ಚಿತ್ರಕ್ಕಾಗಿ ಹೋಗುವುದಾದರೆ ಉಳಿದೆರಡನ್ನು ನೋಡಿದ ಮೇಲೆ ಹೋಗಬೇಕು. ಚಿಕ್ಕದೊಂದು ದುರ್ಬೀನು ಇದ್ದರೆ ಒಯ್ಯಿರಿ, ಬಹಳ ವ್ಯತ್ಯಾಸವಾಗುತ್ತದೆ. ಫ್ಲ್ಯಾಶ್ ಮಾತ್ರ ಖಂಡಿತ ಬೇಡ.

ವಿಜಯಪುರದ ಕಥೆ ಬೇರೆ. ಇಲ್ಲಿ ಮೊದಲು ಒಂದು ತಪ್ಪು ನಿರೀಕ್ಷೆಯನ್ನು ಸರಿಪಡಿಸಬೇಕು. 'ಬಿಜಾಪುರ ಶೈಲಿ' ಎಂದು ಪ್ರಪಂಚದ ಕಲಾ ಪುಸ್ತಕಗಳಲ್ಲಿ ಕಾಣುವ ಕಿರುಚಿತ್ರಗಳನ್ನು, ಅಂದರೆ ಪುಸ್ತಕದ ಪುಟದಷ್ಟೇ ಚಿಕ್ಕದಾಗಿ ಬರೆದ ವರ್ಣಚಿತ್ರಗಳನ್ನು (ಮಿನಿಯೇಚರ್) ನೋಡಲು ವಿಜಯಪುರಕ್ಕೆ ಹೋದರೆ ಅವುಗಳಲ್ಲಿ ಅತಿ ಶ್ರೇಷ್ಠವಾದವು ಅಲ್ಲಿ ಸಿಗುವುದಿಲ್ಲ. 1686ರಲ್ಲಿ ಔರಂಗಜೇಬನಿಗೆ ರಾಜ್ಯ ಸೋತ ಮೇಲೆ ಆ ಸಂಪತ್ತು ದಿಕ್ಕಾಪಾಲಾಯಿತು. 1570ರ 'ನುಜೂಮ್ ಅಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಗೊರವಂಕ ಹಕ್ಕಿಯೊಡನೆ ನಿಂತ ಯೋಗಿನಿಯ ಚಿತ್ರವೂ ಅಲ್ಲೇ ಇದೆ. ಆದಿಲಶಾಹಿ ಸುಲ್ತಾನರೆಲ್ಲ ಒಂದೇ ಚೌಕಟ್ಟಿನಲ್ಲಿ ಕುಳಿತಿರುವ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಬರೆದ ಸುಮಾರು 1680ರ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲಶಾಹ ತಂಬೂರಿ ನುಡಿಸುತ್ತಿರುವ ಚಿತ್ರ ಇರುವುದು ಪ್ರಾಗ್ ನಗರದಲ್ಲಿ. ತನ್ನ ತಂಬೂರಿಗೆ ಮೋತಿಖಾನ್ ಎಂದು, ಆನೆಗೆ ಆತಶ್ ಖಾನ್ ಎಂದು ಹೆಸರಿಟ್ಟು ಮುದ್ದಿಸಿದ ಸುಲ್ತಾನನವನು. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ಪದ ಕಟ್ಟಿದವನು. ಅವನ ಮುಖ ನೋಡಲು ಅಷ್ಟು ದೂರ ಹೋಗಬೇಕಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ವಿಜಯಪುರಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಒಂದು ಗಂಟೆ ಕುಳಿತು ಆ ಸಂಗ್ರಹಾಲಯಗಳ ಜಾಲತಾಣದಲ್ಲಿ ಬಿಜಾಪುರದ ಕಿರುಚಿತ್ರಗಳನ್ನು ಹಿಗ್ಗಿಸಿ ನೋಡಿ. ಬಂಗಾರದ ಬಣ್ಣವನ್ನು ಎಷ್ಟು ಧಾರಾಳವಾಗಿ ಬಳಸಿದ್ದಾರೆ, ಬಂಡೆಗಳಿಗೆ ನೇರಳೆ, ತಿಳಿಗುಲಾಬಿ ಬಣ್ಣ ಹೇಗೆ ಹಚ್ಚಿದ್ದಾರೆ, ಗಿಡಗಳು ಮನುಷ್ಯರಿಗಿಂತ ದೊಡ್ಡದಾಗಿ ಹೇಗೆ ಅರಳಿವೆ ಎಂಬುದನ್ನು ಗಮನಿಸಿ. ಮರುದಿನ ನಿಮಗೆ ಆ ಕಣ್ಣು ಬೇಕಾಗುತ್ತದೆ.

ವಿಜಯಪುರದಲ್ಲಿ ನೇರವಾಗಿ ಜಾಮಿಯಾ ಮಸೀದಿಗೆ ಹೋಗಿ. ಗೋಳಗುಮ್ಮಟಕ್ಕೆ ಆಮೇಲೆ ಹೋಗಬಹುದು, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮಸೀದಿಯ ಪಶ್ಚಿಮ ಗೋಡೆಯಲ್ಲಿರುವ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಕಮಾನನ್ನು ಮುಹಮ್ಮದ್ ಆದಿಲಶಾಹನ ಕಾಲದಲ್ಲಿ, 1636ರಲ್ಲಿ, ಚಿನ್ನ ಮತ್ತು ಬಣ್ಣಗಳಿಂದ ಅಲಂಕರಿಸಿದರು. ಅದರ ಮೇಲೆ ಪರದೆ ಇಳಿಬಿಟ್ಟಿದ್ದರೆ ಅಲ್ಲಿಯವರನ್ನು ವಿನಯದಿಂದ ಕೇಳಿ. ಚಪ್ಪಲಿ ಹೊರಗೆ ಬಿಡಬೇಕು, ತಲೆಯ ಮೇಲೆ ಬಟ್ಟೆ ಇರಲಿ, ನಮಾಜಿನ ಹೊತ್ತು ಬೇಡ.

ನಾನು ಅದನ್ನು ಮೊದಲು ನೋಡಿದ್ದು ಅಕ್ಕನ ಜೊತೆ. ಚಿನ್ನದ ಹೊಳಪಿಗೆ ನಾನು ಬೆರಗಾಗಿ ನಿಂತಿದ್ದರೆ, ಅಕ್ಕನ ಕಣ್ಣು ಬೇರೆಡೆ ಹೋಗಿತ್ತು. "ಇಲ್ಲಿ ನೋಡು, ಮಾಡದಲ್ಲಿ ಪುಸ್ತಕ ಇಟ್ಟಿದ್ದಾರೆ" ಎಂದಳು. ನಮ್ಮ ಕಡೆ ಹಳೆಯ ಮನೆಗಳ ಗೋಡೆಯಲ್ಲಿ ದೀಪ, ಪುಸ್ತಕ ಇಡಲು ಮಾಡಗಳಿರುತ್ತವಲ್ಲ, ಥೇಟ್ ಹಾಗೆಯೇ. ಹತ್ತಿರ ಹೋದರೆ ಮಾಡವೂ ಇಲ್ಲ, ಪುಸ್ತಕವೂ ಇಲ್ಲ. ಎಲ್ಲವೂ ಬಣ್ಣದಲ್ಲಿ ಬರೆದದ್ದು. ಹೂದಾನಿ, ಧೂಪದ ಪಾತ್ರೆ, ತೂಗುವ ಸರಪಳಿ ಎಲ್ಲವೂ ಹಾಗೆಯೇ. ಸಪಾಟಾದ ಮೇಲ್ಮೈಯಲ್ಲಿ ಆಳ ಇರುವಂತೆ ಕಣ್ಣಿಗೆ ತೋರಿಸುವ ಕೌಶಲ ಅದು. ಮನುಷ್ಯರ ಚಿತ್ರವೇ ಇರದ ಪ್ರಾರ್ಥನಾ ಸ್ಥಳದಲ್ಲಿ, ಈಗತಾನೇ ಯಾರೋ ಓದಿ ಇಟ್ಟುಹೋದಂತೆ ಕಾಣುವ ಪುಸ್ತಕಗಳು ಮನುಷ್ಯರ ಇರುವಿಕೆಯನ್ನು ಹೇಗೆ ಸೂಚಿಸುತ್ತವೆ! ಅಕ್ಕ ಓದಿದ್ದು ಏಳನೆಯ ತರಗತಿ. ನಾನು ಕಲಾಶಾಲೆಯಲ್ಲಿ ಕಲಿತವನು. ಆ ದಿನ ಚಿತ್ರವನ್ನು ಸರಿಯಾಗಿ ನೋಡಿದವಳು ಅವಳು.

ಮಿಹ್ರಾಬಿನ ಮುಂದೆ ಅರ್ಧ ಗಂಟೆಯಾದರೂ ಇರಿ. ಮೊದಲು ದೂರದಿಂದ, ಇಡೀ ಕಮಾನು ಕಾಣುವಂತೆ. ಆಮೇಲೆ ಹತ್ತಿರದಿಂದ, ಒಂದೊಂದೇ ಮಾಡವನ್ನು. ಮತ್ತೆ ಹಿಂದಕ್ಕೆ ಬನ್ನಿ. ಎರಡನೆಯ ಸಲ ದೂರದಿಂದ ನೋಡುವಾಗ ಮೊದಲು ಬರೀ ಚಿನ್ನವಾಗಿ ಕಂಡದ್ದು ಕೋಣೆಯಾಗಿ ಕಾಣುತ್ತದೆ.

ವಿಜಯಪುರದ ಇನ್ನೆರಡು ಜಾಗಗಳ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಮೊದಲು ನ್ಯಾಯ ಹೇಳುವ ಸಭಾಂಗಣವಾಗಿದ್ದ ಆಸಾರ ಮಹಲಿನ ಮೇಲಿನ ಕೋಣೆಗಳಲ್ಲಿ ಹೂಬಳ್ಳಿ, ಹೂದಾನಿ ಮತ್ತು ಮನುಷ್ಯರ ಚಿತ್ರಗಳಿವೆ, ಬಹಳ ಹಾಳಾಗಿವೆ. ಒಳಗೆ ಮಹಿಳೆಯರಿಗೆ ಪ್ರವೇಶವಿಲ್ಲದ ರೂಢಿ ಇರುವುದರಿಂದ ಮನೆಮಂದಿಯೆಲ್ಲ ಹೊರಟಿದ್ದರೆ ಇದನ್ನು ಮೊದಲೇ ತಿಳಿದುಕೊಂಡಿರಿ. ಇನ್ನೊಂದು, ಸಿಂದಗಿ ರಸ್ತೆಯಲ್ಲಿ ಊರಿನ ಹೊರಗೆ ದೂರದಲ್ಲಿರುವ ಕುಮಟಗಿ. ಸುಲ್ತಾನರ ಬೇಸಿಗೆಯ ವಿಹಾರದ ತಾಣ, ಕಾರಂಜಿಗಳಿದ್ದ ಜಲಮಂಟಪ. ಕುದುರೆಯ ಮೇಲೆ ಚೆಂಡಾಟ ಆಡುವವರು, ಕುಸ್ತಿ ಪೈಲವಾನರು, ಯುರೋಪಿನ ಉಡುಗೆಯವರು ಅಲ್ಲಿನ ಗೋಡೆಯ ಮೇಲಿದ್ದಾರೆ. ಗೀಚಿ ಹಾಳು ಮಾಡಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಸ್ವಂತ ವಾಹನ ಇದ್ದವರು ಹೋಗಿ ಬರಬೇಕು. ಬಿಜಾಪುರದ ಚಿತ್ರಕಾರರು ದೇವರು, ದೊರೆಗಳನ್ನು ಬಿಟ್ಟು ಆಟಪಾಠಗಳನ್ನು ಹೇಗೆ ಬರೆದರು ಎಂದು ತಿಳಿಯುವುದು ಅಲ್ಲಿಯೇ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ, 1892ರಲ್ಲಿ ಶುರುವಾದ ಮ್ಯೂಸಿಯಂನಲ್ಲಿ ಕಿರುಚಿತ್ರಗಳು, ಹಸ್ತಪ್ರತಿಗಳು, ಕ್ಯಾಲಿಗ್ರಫಿ, ರತ್ನಗಂಬಳಿಗಳಿವೆ.

ಇನ್ನು ಬೆಳಗಾವಿ. ಇಲ್ಲಿ ಶತಮಾನಗಳಷ್ಟು ಹಳೆಯ ಭಿತ್ತಿಚಿತ್ರ ಹುಡುಕಬೇಡಿ. ಇಲ್ಲಿರುವುದು ಬದುಕಿರುವ ಪರಂಪರೆ. 1956ರವರೆಗೆ ನಮ್ಮ ಈ ಭಾಗ ಮುಂಬೈ ಆಡಳಿತದಲ್ಲಿತ್ತು. 1857ರಲ್ಲಿ ಆರಂಭವಾದ ಮುಂಬೈಯ ಜೆ.ಜೆ. ಕಲಾಶಾಲೆಯ ಪಾಠಕ್ರಮ, ಅಲ್ಲಿನ ಡ್ರಾಯಿಂಗ್ ಪರೀಕ್ಷೆಗಳು, ಭಾವಚಿತ್ರ ಮತ್ತು ನಿಸರ್ಗಚಿತ್ರ ಬರೆಯುವ ವಾಸ್ತವ ಶೈಲಿ ಎಲ್ಲವೂ ಆ ದಾರಿಯಲ್ಲಿ ಬಂದವು. ಬೆಳಗಾವಿಯಲ್ಲಿ ಆ ಶೈಲಿಯನ್ನು ಬೆಳೆಸಿ, ಕಲಿಸಿದ ಗುರು ಕೆ.ಬಿ. ಕುಲಕರ್ಣಿಯವರು. ದೇಶದಾದ್ಯಂತ ಹೆಸರಾದ ಚಿತ್ರಕಾರ ರವಿ ಪರಾಂಜಪೆ ಹುಟ್ಟಿದ್ದು ಇದೇ ಊರಿನಲ್ಲಿ, 1935ರಲ್ಲಿ. ಅವರೂ ಕುಲಕರ್ಣಿಯವರ ಶಿಷ್ಯರೇ. ಟಿಳಕವಾಡಿಯ ವರೇರಕರ್ ನಾಟ್ಯ ಸಂಘದಲ್ಲಿ ಕುಲಕರ್ಣಿಯವರ ಹೆಸರಿನ ಕಲಾ ಗ್ಯಾಲರಿ ಇದೆ, ಪ್ರದರ್ಶನಗಳು ನಡೆಯುತ್ತವೆ. ಆದರೆ ಪ್ರದರ್ಶನ ಇಲ್ಲದ ವಾರ ಹೋದರೆ ಖಾಲಿ ಕೈಯಲ್ಲಿ ಬರಬೇಕಾಗುತ್ತದೆ. ಪತ್ರಿಕೆಯ ಸ್ಥಳೀಯ ಪುಟ ನೋಡಿಕೊಂಡೇ ಬಸ್ ಹತ್ತಿ.

ಬೆಳಗಾವಿಯ ದೊಡ್ಡ ಲಾಭವೆಂದರೆ ಚಿತ್ರ ಬರೆದವರೇ ಅಲ್ಲಿ ನಿಂತಿರುತ್ತಾರೆ. ಒಂದು ಪ್ರದರ್ಶನದಲ್ಲಿ ಮಳೆಯಲ್ಲಿ ನೆನೆದ ಖಡೇಬಜಾರಿನ ಜಲವರ್ಣ ಚಿತ್ರವಿತ್ತು. ರಸ್ತೆಯ ಮೇಲೆ ನೀರು ಪಳಪಳ ಹೊಳೆಯುತ್ತಿತ್ತು. "ಈ ಬಿಳಿ ಬಣ್ಣ ಯಾವ ಕಂಪನಿಯದು?" ಎಂದು ಒಬ್ಬರು ಕೇಳಿದರು. ಕಲಾವಿದರು ಅವರನ್ನು ಹತ್ತಿರಕ್ಕೆ ಕರೆದು, "ಬಣ್ಣವಲ್ಲ, ಕಾಗದವೇ. ಅಲ್ಲಿ ಕುಂಚ ಮುಟ್ಟಿಸಿಲ್ಲ" ಎಂದರು. ಜಲವರ್ಣದ ಗುಟ್ಟೇ ಅದು: ಬೆಳಕನ್ನು ಹಚ್ಚಲಾಗುವುದಿಲ್ಲ, ಮೊದಲೇ ಯೋಚಿಸಿ ಬಿಟ್ಟುಕೊಡಬೇಕು. ತೈಲವರ್ಣದಲ್ಲಾದರೆ ಬಿಳಿಯನ್ನು ಕೊನೆಯಲ್ಲಿ ದಪ್ಪವಾಗಿ ಇಡಬಹುದು. ಈ ಒಂದು ವ್ಯತ್ಯಾಸ ತಿಳಿದವರು ಆಮೇಲೆ ಯಾವ ಗ್ಯಾಲರಿಗೆ ಹೋದರೂ ಚಿತ್ರದ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ, ಬಣ್ಣ ಉಬ್ಬಿದೆಯೇ ಎಂದು ಪರೀಕ್ಷಿಸುತ್ತಾರೆ.

ಮೂರನ್ನೂ ಹೋಲಿಸಲು ನಾನು ಮಕ್ಕಳಿಗೆ ಕೊಡುವುದು ಒಂದೇ ಪ್ರಶ್ನೆ: ಬೆಳಕು ಎಲ್ಲಿಂದ ಬರುತ್ತಿದೆ? ಬೆಳಗಾವಿಯ ಭಾವಚಿತ್ರದಲ್ಲಿ ಕೂಡಲೇ ಉತ್ತರ ಸಿಗುತ್ತದೆ. ಎಡಗಡೆ ಕಿಟಕಿ ಇದೆ. ಆದ್ದರಿಂದ ಬಲಗೆನ್ನೆ ನೆರಳಿನಲ್ಲಿದೆ, ಕುತ್ತಿಗೆಯ ಕೆಳಗೆ ಕಪ್ಪಾಗಿದೆ. ಬಿಜಾಪುರದ ಕಿರುಚಿತ್ರದಲ್ಲಿ ಬೆಳಕು ಯಾವ ಕಡೆಯಿಂದಲೂ ಬರುವುದಿಲ್ಲ, ಎಲ್ಲ ಕಡೆಯೂ ಇದೆ. ಯಾರ ನೆರಳೂ ನೆಲದ ಮೇಲೆ ಬೀಳುವುದಿಲ್ಲ, ಚಿನ್ನವೇ ಬೆಳಕು. ಬಾದಾಮಿಯಲ್ಲಿ ಬೆಳಕು ಮೈಯೊಳಗಿನಿಂದಲೇ ಬಂದಂತಿದೆ: ಅಂಚಿಗೆ ಗಾಢ, ಉಬ್ಬಿದ ಕಡೆ ತಿಳಿ, ಹಾಗೆ ಮೈ ದುಂಡಗಾಗುತ್ತದೆ. ಅದಕ್ಕೆ ಕಿಟಕಿಯೂ ಬೇಡ, ಸೂರ್ಯನೂ ಬೇಡ. ಈ ಮೂರರಲ್ಲಿ ಒಂದು ಮುಂದುವರಿದದ್ದು, ಇನ್ನೊಂದು ಹಿಂದುಳಿದದ್ದು ಎಂದು ತಿಳಿಯಬಾರದು. ನೆರಳು ಬರೆಯಲು ಬರದೆ ಯಾರೂ ಬಿಟ್ಟಿಲ್ಲ. ಜಾಮಿಯಾ ಮಸೀದಿಯ ಮಾಡಗಳೇ ಅದಕ್ಕೆ ಸಾಕ್ಷಿ.

ಹಾಗಾದರೆ ಯಾರು ಎಲ್ಲಿಗೆ ಮೊದಲು ಹೋಗಬೇಕು? ಚಿತ್ರ ನೋಡುವ ಅಭ್ಯಾಸವೇ ಇಲ್ಲದವರು, ಡ್ರಾಯಿಂಗ್ ಕಲಿಯುತ್ತಿರುವ ಮಕ್ಕಳಿರುವವರು ಬೆಳಗಾವಿಯಿಂದ ಶುರು ಮಾಡಲಿ. ಕೇಳಿದ್ದಕ್ಕೆ ಉತ್ತರ ಹೇಳುವವರು ಎದುರಿಗಿರುತ್ತಾರೆ, ಮಕ್ಕಳ ಸಂಕೋಚ ಹೋಗುತ್ತದೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರಿಗೆ ವಿಜಯಪುರವೇ ಸರಿ. ಮಿಹ್ರಾಬ್ ನೋಡಲು ಗುಡ್ಡ ಹತ್ತಬೇಕಿಲ್ಲ. ಒಂದೇ ದಿನ ಸಮಯವಿದೆ, ಒಂದೇ ಒಂದು ಚಿತ್ರವನ್ನು ಮನಸ್ಸು ತುಂಬ ನೋಡಬೇಕು ಎನ್ನುವವರಿಗೂ ನನ್ನ ಉತ್ತರ ಜಾಮಿಯಾ ಮಸೀದಿಯೇ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಬಾದಾಮಿ ಒಬ್ಬರೇ ಹೋಗುವವರಿಗೆ, ಅಥವಾ ಮೌನವಾಗಿ ಜೊತೆಗಿರಬಲ್ಲ ಒಬ್ಬ ಗೆಳೆಯನೊಡನೆ ಹೋಗುವವರಿಗೆ. ಗುಂಪು ಕಟ್ಟಿಕೊಂಡು ಗಡಿಬಿಡಿಯಲ್ಲಿ ಹೋದರೆ ಸೂರು ಬರೀ ಸೂರಾಗಿಯೇ ಉಳಿಯುತ್ತದೆ.

ಎರಡು ದಿನ ಇದ್ದರೆ ವಿಜಯಪುರ ಮತ್ತು ಬಾದಾಮಿಯನ್ನು ಸೇರಿಸಬಹುದು. ಎರಡೂ ಒಂದೇ ರೈಲು ಮಾರ್ಗದಲ್ಲಿವೆ. ಬಾದಾಮಿಯ ನಿಲ್ದಾಣದಿಂದ ಊರು ಐದು ಕಿಲೋಮೀಟರ್ ಆಗುತ್ತದೆ, ಟಂಟಂ, ಆಟೋ ಸಿಗುತ್ತವೆ. ಶುಕ್ರವಾರ ಮಾತ್ರ ಹೊರಡಬೇಡಿ: ಗೋಳಗುಮ್ಮಟದ ಮ್ಯೂಸಿಯಂ, ಬಾದಾಮಿಯ ಮ್ಯೂಸಿಯಂ ಎರಡಕ್ಕೂ ಅಂದು ರಜೆ, ಮಸೀದಿಯಲ್ಲೂ ಅಂದು ದೊಡ್ಡ ನಮಾಜು. ಶನಿವಾರ ಬೆಳಿಗ್ಗೆ ಮಿಹ್ರಾಬ್, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಬಾದಾಮಿಗೆ ಪ್ರಯಾಣ. ಭಾನುವಾರ ಬಾಗಿಲು ತೆರೆದ ಕೂಡಲೇ ಮೊದಲೆರಡು ಗುಹೆಗಳನ್ನು ದಾಟಿ ನೇರ ಮೂರನೆಯದಕ್ಕೆ ಹತ್ತಿ. ಜನ ಬರುವ ಮೊದಲು ಸೂರಿನ ಕೆಳಗೆ ನಿಮಗೆ ಒಂದಷ್ಟು ಶಾಂತಿ ಸಿಗುತ್ತದೆ. ಮಾರ್ಚಿನಿಂದ ಮೇವರೆಗಿನ ಬಿಸಿಲಿನಲ್ಲಿ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ, ಮಳೆ ಮುಗಿದ ಮೇಲೆ ಹೋಗುವುದು ಒಳ್ಳೆಯದು.

ಇಳಿದು ಬಂದು, ಅಗಸ್ತ್ಯ ತೀರ್ಥದ ದಂಡೆಯಲ್ಲಿರುವ ಮ್ಯೂಸಿಯಂನಲ್ಲಿ ಶಿಡ್ಲಫಡಿಯ ಕಲ್ಲಾಸರೆಯ, ಅಂದರೆ ಬಂಡೆಯ ಕೆಳಗೆ ಆಸರೆ ಪಡೆಯುವಂಥ ತಾಣದ ಪ್ರತಿಕೃತಿ ನೋಡಿ. ಚಾಲುಕ್ಯರಿಗಿಂತ ಎಷ್ಟೋ ಸಾವಿರ ವರ್ಷ ಮೊದಲು ಇದೇ ಬೆಟ್ಟಗಳಲ್ಲಿ ಬೇಟೆಗಾರರು ಬಂಡೆಯ ಮೇಲೆ ಚಿತ್ರ ಬರೆದಿದ್ದರು. ನಿಜವಾದ ಶಿಡ್ಲಫಡಿಗೆ ಕುರುಚಲು ಕಾಡಿನಲ್ಲಿ ನಡೆದು ಹೋಗಬೇಕು. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗೆ ಬೇಕು, ಎರಡು ಬಾಟಲಿ ನೀರು ಬೇಕು. ಮಕ್ಕಳ ಕೈಯಲ್ಲಿ ಪೆನ್ಸಿಲ್ ಮತ್ತು ಒಂದು ನೋಟ್‌ಬುಕ್ ಇರಲಿ. ತಿಂಡಿಯ ಪೊಟ್ಟಣ ಮಾತ್ರ ಚೀಲದ ಒಳಗೇ ಇರಲಿ, ಬಾದಾಮಿಯ ಕೋತಿಗಳು ಅದನ್ನು ಕಸಿದುಕೊಳ್ಳದೆ ಬಿಡುವುದಿಲ್ಲ.